‘ಮನೆಗೇ ಕರೆದುಕೊಂಡು ಹೋಗಿ’ ಎಂಬ ಮಾತಿಗೆ ಹಾಸನದ ಉತ್ತರವೇನು?

ಹಾಸನ: ಬೀದಿ ನಾಯಿಗಳಿಗೆ ಅನ್ನ ಹಾಕುವವರು ಯಾವ ಊರಿನಲ್ಲಿದ್ದರೂ ಒಂದು ಮಾತನ್ನು ಕೇಳಿಯೇ ಇರುತ್ತಾರೆ. ‘ಅಷ್ಟೊಂದು ಪ್ರೀತಿ ಇದ್ದರೆ ಮನೆಗೇ ಕರೆದುಕೊಂಡು ಹೋಗಿ ಸಾಕಿಕೊಳ್ಳಿ’ ಎಂಬುದೇ ಆ ಮಾತು. ಕಟ್ಟಿನಕೆರೆ ಮಾರುಕಟ್ಟೆಯ ಬಳಿಯಾಗಲಿ, ಸಾಲಗಾಮೆ ರಸ್ತೆಯ ಬಡಾವಣೆಗಳಲ್ಲಾಗಲಿ ಇದು ಜಗಳದ ಕೊನೆಯ ಮಾತು. ಇದನ್ನು ಆಡಿದವರು ಉತ್ತರ ನಿರೀಕ್ಷಿಸುವುದಿಲ್ಲ, ಕೇಳಿಸಿಕೊಂಡವರು ಉತ್ತರ ಕೊಡುವುದೂ ಇಲ್ಲ.

2025ರ ಜುಲೈನಲ್ಲಿ ನೊಯ್ಡಾದ ಪ್ರಕರಣವೊಂದರ ವಿಚಾರಣೆ ವೇಳೆ ಸುಪ್ರೀಂ ಕೋರ್ಟ್ ಕೂಡ ಇದೇ ಪ್ರಶ್ನೆಯನ್ನು ಎತ್ತಿತು. ನಾಯಿಗಳಿಗೆ ನಿಮ್ಮ ಮನೆಯಲ್ಲೇ ಏಕೆ ಉಣಿಸಬಾರದು ಎಂದು ನ್ಯಾಯಪೀಠ ಅರ್ಜಿದಾರರನ್ನು ಕೇಳಿತ್ತು. ಬೀದಿಯ ಮಾತು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ತಲುಪಿರುವಾಗ ಅದನ್ನು ಕೇವಲ ಕುಹಕವೆಂದು ತಳ್ಳಿಹಾಕಲಾಗದು. ಅದನ್ನು ಆಡಳಿತಾತ್ಮಕ ಪ್ರಶ್ನೆಯಾಗಿ ಪರಿಶೀಲಿಸಿದರೆ ಏನಾಗುತ್ತದೆ? ಬೀದಿ ನಾಯಿಗಳಲ್ಲಿ ಎಷ್ಟನ್ನು, ಯಾವುದನ್ನು, ಎಷ್ಟು ಕಾಲ ಮನೆಗೆ ಕರೆದೊಯ್ಯಲು ಸಾಧ್ಯ? ಹಾಗೆ ಕರೆದೊಯ್ದವರಿಗೆ ಬೆಂಬಲವಾಗಿ ನಿಲ್ಲುವವರು ಯಾರು?

ನ್ಯಾಯಾಲಯದ ಆದೇಶ, ಊರಿನ ವಾಸ್ತವ

ಈ ಪ್ರಶ್ನೆಗೆ ತುರ್ತು ಒದಗಿಸಿದ್ದು 2025ರ ಬೆಳವಣಿಗೆಗಳು. ಆ ವರ್ಷದ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್‌ನ ದ್ವಿಸದಸ್ಯ ಪೀಠ ದೆಹಲಿ ಹಾಗೂ ಸುತ್ತಲಿನ ಪ್ರದೇಶದ ಬೀದಿ ನಾಯಿಗಳನ್ನೆಲ್ಲ ಹಿಡಿದು ಆಶ್ರಯ ತಾಣಗಳಲ್ಲಿ ಇಡುವಂತೆ ಆದೇಶಿಸಿತು. ಹನ್ನೊಂದೇ ದಿನಗಳಲ್ಲಿ, ಆಗಸ್ಟ್ 22ರಂದು, ತ್ರಿಸದಸ್ಯ ಪೀಠ ಆ ಆದೇಶವನ್ನು ಮಾರ್ಪಡಿಸಿತು. ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ನಂತರ ನಾಯಿಗಳನ್ನು ಹಿಡಿದ ಜಾಗದಲ್ಲೇ ಬಿಡಬೇಕು, ರೇಬೀಸ್ ತಗುಲಿದ ಅಥವಾ ಆಕ್ರಮಣಕಾರಿ ನಾಯಿಗಳನ್ನು ಮಾತ್ರ ಬಿಡಕೂಡದು, ಅನ್ನ ಹಾಕಲು ವಾರ್ಡ್‌ವಾರು ಜಾಗ ಗುರುತಿಸಬೇಕು ಎಂಬುದು ಪರಿಷ್ಕೃತ ಆದೇಶದ ಸಾರ. ವಿಚಾರಣೆಯ ವ್ಯಾಪ್ತಿ ಇಡೀ ದೇಶಕ್ಕೆ ವಿಸ್ತರಿಸಿತು.

ನವೆಂಬರ್ 7ರ ಆದೇಶ ಹಾಸನದಂಥ ಊರುಗಳಿಗೆ ನೇರವಾಗಿ ಸಂಬಂಧಿಸಿದ್ದು. ಶಾಲಾ ಕಾಲೇಜು, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆರವುಗೊಳಿಸಬೇಕು, ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ನಂತರ ಅವನ್ನು ಆಶ್ರಯ ತಾಣಕ್ಕೆ ಸಾಗಿಸಬೇಕು, ಅದೇ ಜಾಗಕ್ಕೆ ಮತ್ತೆ ಬಿಡಬಾರದು ಎಂದು ಅದು ನಿರ್ದೇಶಿಸಿತು. ಮಹಾನಗರದಲ್ಲಿ ಕುಳಿತು ಓದಿದಾಗ ಇದು ಸರಳವಾಗಿ ಕಾಣಬಹುದು. ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಅಥವಾ ಅರಕಲಗೂಡಿನ ತಾಲ್ಲೂಕು ಆಸ್ಪತ್ರೆಯ ಎದುರು ನಿಂತು ಓದಿದರೆ ಮೊದಲ ಪ್ರಶ್ನೆಯೇ ಬೇರೆ. ಹಿಡಿದ ನಾಯಿಯನ್ನು ಇಡುವುದು ಎಲ್ಲಿ?

ನಮ್ಮ ಹಿರಿಯರಿಗೆ ಈ ಪ್ರಶ್ನೆ ಹೊಸದಲ್ಲ. ಬಿಡಾಡಿ ದನ ಹೊಲಕ್ಕೆ ನುಗ್ಗಿದರೆ ಹಿಡಿದು ಕೂಡಲು ದೊಡ್ಡಿ ಇರುತ್ತಿತ್ತು. ಯಜಮಾನ ಬಂದು ದಂಡ ಕಟ್ಟಿ ಬಿಡಿಸಿಕೊಂಡು ಹೋಗುತ್ತಿದ್ದ. ದನಕ್ಕೆ ಬೆಲೆ ಇತ್ತು, ಆದ್ದರಿಂದ ದೊಡ್ಡಿಯೂ ಇತ್ತು. ನಾಯಿಗೆ ಅಂಥ ವ್ಯವಸ್ಥೆಯನ್ನು ಯಾರೂ ಕಟ್ಟಲಿಲ್ಲ, ಏಕೆಂದರೆ ದಂಡ ಕಟ್ಟಿ ಬಿಡಿಸಿಕೊಳ್ಳುವವರು ಬರುವುದಿಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು.

ಲೆಕ್ಕ ಹೇಳುವ ಸತ್ಯ

2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಬೀದಿ ನಾಯಿಗಳ ಸಂಖ್ಯೆ ಸುಮಾರು 1.53 ಕೋಟಿ. ಕರ್ನಾಟಕದ ಪಾಲು ಸುಮಾರು 11 ಲಕ್ಷ. ಬೆಂಗಳೂರಿನಲ್ಲಿ 2023ರಲ್ಲಿ ಅಂದಿನ ಬಿಬಿಎಂಪಿ ನಡೆಸಿದ ಸಮೀಕ್ಷೆ ನಗರವೊಂದರಲ್ಲೇ 2.79 ಲಕ್ಷ ಬೀದಿ ನಾಯಿಗಳಿವೆ ಎಂದು ಅಂದಾಜಿಸಿತ್ತು. ಇಷ್ಟನ್ನೆಲ್ಲ ಮನೆಗೆ ಕರೆದೊಯ್ಯಲು ಸಾಧ್ಯವಿಲ್ಲ ಎಂಬುದಕ್ಕೆ ವಾದ ಬೇಕಿಲ್ಲ.

ಇನ್ನೊಂದು ಬದಿಯ ಅಂಕಿಗಳೂ ಅಷ್ಟೇ ಗಂಭೀರ. ಕೇಂದ್ರ ಸರ್ಕಾರ ಸಂಸತ್ತಿಗೆ ನೀಡಿದ ಮಾಹಿತಿಯಂತೆ 2024ರಲ್ಲಿ ದೇಶದಲ್ಲಿ ವರದಿಯಾದ ನಾಯಿ ಕಡಿತ ಪ್ರಕರಣಗಳು 37 ಲಕ್ಷಕ್ಕೂ ಅಧಿಕ. ಕರ್ನಾಟಕದಲ್ಲಿ ಸುಮಾರು 3.6 ಲಕ್ಷ. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವವರು ಇಲ್ಲವೆನ್ನುವಷ್ಟು ವಿರಳ. ಮನುಷ್ಯರಲ್ಲಿ ರೇಬೀಸ್ ಕಂಡುಬಂದರೆ ಕಡ್ಡಾಯವಾಗಿ ವರದಿ ಮಾಡಬೇಕೆಂದು ರಾಜ್ಯ ಸರ್ಕಾರ 2022ರ ಡಿಸೆಂಬರ್‌ನಲ್ಲೇ ಅಧಿಸೂಚಿಸಿದೆ. ಕಡಿಸಿಕೊಂಡ ಮಗುವಿನ ತಾಯಿಗೆ ಪ್ರಾಣಿದಯೆಯ ಉಪದೇಶ ಮಾಡುವುದು ಕ್ರೌರ್ಯ. ಆ ತಾಯಿಯ ಭಯಕ್ಕೆ ಉತ್ತರ ಕೊಡದ ಯಾವ ಯೋಜನೆಯೂ ಊರಿನಲ್ಲಿ ನಿಲ್ಲುವುದಿಲ್ಲ.

ಭಯಕ್ಕೆ ಉತ್ತರ ಸಿಗದಿದ್ದಾಗ ಏನಾಗುತ್ತದೆ ಎಂಬುದನ್ನು 2021 ತೋರಿಸಿಕೊಟ್ಟಿದೆ. ಆ ವರ್ಷದ ಜುಲೈ ಕೊನೆಯಲ್ಲಿ ಬೇಲೂರು ತಾಲ್ಲೂಕಿನ ಚೌಡನಹಳ್ಳಿ ಬಳಿ ರಸ್ತೆ ಬದಿಯಲ್ಲಿ ಮೂಟೆಗಳು ಸಿಕ್ಕವು. ಅವುಗಳಲ್ಲಿ 38 ಮಂಗಗಳು ಸತ್ತಿದ್ದವು. ರಾಜ್ಯ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಂಡಿತು. ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗ ಜಿಲ್ಲೆಯ ಭದ್ರಾವತಿ ತಾಲ್ಲೂಕಿನ ಕಂಬದಾಳು ಹೊಸೂರು ಪಂಚಾಯಿತಿ ವ್ಯಾಪ್ತಿಯಲ್ಲಿ ನೂರಕ್ಕೂ ಹೆಚ್ಚು ನಾಯಿಗಳನ್ನು ಕೊಂದು ಹೂತಿದ್ದು ಬೆಳಕಿಗೆ ಬಂತು. ಒಂದು ಕಡೆ ಮಂಗ, ಇನ್ನೊಂದು ಕಡೆ ನಾಯಿ. ಎರಡರಲ್ಲೂ ಮನೋಭಾವ ಒಂದೇ: ಕಣ್ಣಿಗೆ ಕಾಣದಂತೆ ಮಾಡಿದರೆ ಸಮಸ್ಯೆ ಮುಗಿಯಿತು. ಕಾನೂನುಬದ್ಧ ದಾರಿ ಕೈಗೆಟುಕದಷ್ಟು ದೂರವಿದ್ದಾಗ ಮೂಟೆ ಮತ್ತು ಗುಂಡಿಗಳೇ ದಾರಿಯಾಗುತ್ತವೆ.

ಕಾನೂನಿನಲ್ಲಿ ಇಲ್ಲದ ನಡುಮನೆ

2023ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಪ್ರಾಣಿ ಜನನ ನಿಯಂತ್ರಣ ನಿಯಮಗಳು 2001ರ ಹಳೆಯ ನಿಯಮಗಳ ಸ್ಥಾನದಲ್ಲಿ ನಿಂತಿವೆ. ಇವು ನಾಯಿಗಳನ್ನು ಮುಖ್ಯವಾಗಿ ಎರಡಾಗಿ ವಿಂಗಡಿಸುತ್ತವೆ: ಮಾಲೀಕರಿರುವ ಸಾಕು ನಾಯಿ, ಬೀದಿಯ ನಾಯಿ. ಮೊದಲನೆಯದರ ಹೊಣೆ ಮಾಲೀಕರದ್ದು. ಎರಡನೆಯದರ ಸಂತಾನ ನಿಯಂತ್ರಣ ಮತ್ತು ಲಸಿಕೆಯ ಹೊಣೆ ಸ್ಥಳೀಯ ಸಂಸ್ಥೆಯದ್ದು. ಸ್ಥಳೀಯ ಸಂಸ್ಥೆಗಳು ಈ ಕೆಲಸವನ್ನು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಪಡೆದ ಸಂಘಟನೆಗಳ ಮೂಲಕ ಮಾಡಿಸಬೇಕು. ಸಣ್ಣ ಪಟ್ಟಣಗಳಲ್ಲಿ ಅಂಥ ಸಂಘಟನೆಗಳು ವಿರಳ.

ಸುಪ್ರೀಂ ಕೋರ್ಟ್‌ನ ಆಗಸ್ಟ್ 22ರ ಆದೇಶದಲ್ಲಿ ದತ್ತು ಪಡೆಯುವ ಅವಕಾಶವೂ ಇದೆ. ಪ್ರಾಣಿಪ್ರಿಯರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಿ ಬೀದಿ ನಾಯಿಯನ್ನು ಪಡೆಯಬಹುದು. ಗುರುತಿನ ಬಿಲ್ಲೆ ಹಾಕಿ ಕೊಡಲಾಗುವ ಆ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅರ್ಜಿದಾರರ ಹೊಣೆ. ಇದು ಸ್ವಾಗತಾರ್ಹ. ಆದರೆ ಬೀದಿಯಲ್ಲಿ ಗಾಯಗೊಂಡು ಬಿದ್ದ ನಾಯಿಯನ್ನೋ, ತಾಯಿ ಸತ್ತ ಮರಿಗಳನ್ನೋ ಅದೇ ದಿನ ಹತ್ತು ಹದಿನೈದು ವರ್ಷಗಳ ಮಟ್ಟಿಗೆ ದತ್ತು ತೆಗೆದುಕೊಳ್ಳುವವರು ಎಷ್ಟು ಮಂದಿ? ಬೀದಿಗೂ ದತ್ತು ಮನೆಗೂ ನಡುವೆ ಕೆಲವು ವಾರಗಳ ಅಂತರವಿದೆ. ಆ ವಾರಗಳಲ್ಲಿ ನಾಯಿ ಎಲ್ಲಿರಬೇಕು ಎಂಬುದಕ್ಕೆ ಹಾಸನದಂಥ ಊರಿನಲ್ಲಿ ಸ್ಪಷ್ಟ ಉತ್ತರವಿಲ್ಲ.

ಆ ಅಂತರವನ್ನು ತುಂಬುವುದೇ ತಾತ್ಕಾಲಿಕ ಪಾಲನೆ. ಬೆಂಗಳೂರಿನ ಪ್ರಾಣಿರಕ್ಷಕರು ಇದನ್ನು ಫಾಸ್ಟರಿಂಗ್ ಎನ್ನುತ್ತಾರೆ. 1991ರಲ್ಲಿ ಆರಂಭವಾದ ಕ್ಯೂಪಾದಂಥ ಸಂಸ್ಥೆಗಳು ಬೇರೂರಿರುವ ಆ ನಗರದಲ್ಲಿ ಈ ಪದ ಮನೆಮಾತಾಗಿದೆ. ದತ್ತು ಪಡೆದವರು ನಾಯಿಯ ಯಜಮಾನರು. ಫಾಸ್ಟರ್ ಮನೆಯವರು ಯಜಮಾನರಲ್ಲ. ನಾಯಿ ಗುಣವಾಗುವವರೆಗೆ, ಲಸಿಕೆ ಮುಗಿಯುವವರೆಗೆ, ಕಾಯಂ ಮನೆ ಸಿಗುವವರೆಗೆ ಅದನ್ನು ನೋಡಿಕೊಂಡು ಮುಂದೆ ದಾಟಿಸುವವರು.

ಪದ ಹೊಸದಿರಬಹುದು, ಪದ್ಧತಿ ಹೊಸದಲ್ಲ. ಹಾಸನ ಸೀಮೆಯ ಹಳ್ಳಿಗಳಲ್ಲಿ ಹಸುವನ್ನು, ಕುರಿ ಮೇಕೆಗಳನ್ನು ‘ವಾರಕ್ಕೆ’ ಅಥವಾ ‘ಪಾಲಿಗೆ’ ಸಾಕಲು ಕೊಡುವುದು ಎಲ್ಲರಿಗೂ ಗೊತ್ತು. ಪ್ರಾಣಿ ಒಬ್ಬರದು, ಸಾಕಣೆ ಮತ್ತೊಬ್ಬರದು, ಹುಟ್ಟಿದ ಕರುವಿನಲ್ಲಿ ಇಬ್ಬರಿಗೂ ಪಾಲು. ಆ ಒಪ್ಪಂದ ನಿಲ್ಲುವುದು ಯಾರ ಹೊಣೆ ಎಲ್ಲಿಗೆ ಮುಗಿಯುತ್ತದೆ ಎಂಬ ಸ್ಪಷ್ಟತೆಯ ಮೇಲೆ. ನಾಯಿಯ ಪಾಲನೆಯಲ್ಲಿ ಹಂಚಿಕೊಳ್ಳಲು ಕರುವಿಲ್ಲ. ಆದರೆ ಅದೇ ಸ್ಪಷ್ಟತೆ ಇಲ್ಲಿಯೂ ಬೇಕು.

ಬೀದಿಗೆ ಬೀಳುವವರು ಯಾರು?

ಯಾವ ನಾಯಿಗಳಿಗೆ ಇಂಥ ಮನೆ ಬೇಕು ಎಂದು ಕೇಳಿದರೆ ಸಮಸ್ಯೆಯ ಮೂಲವೇ ಎದುರಾಗುತ್ತದೆ. ಮನೆ ಕಾಯಲು ನಾಯಿ ಬೇಕೆನ್ನುವವರು ಗಂಡು ಮರಿಯನ್ನು ಆರಿಸಿಕೊಳ್ಳುತ್ತಾರೆ. ಉಳಿದ ಹೆಣ್ಣು ಮರಿಗಳು ರಟ್ಟಿನ ಪೆಟ್ಟಿಗೆಯಲ್ಲೋ ಗೋಣಿಚೀಲದಲ್ಲೋ ಸಂತೆ ಮೈದಾನ, ಕಲ್ಯಾಣ ಮಂಟಪದ ಹಿಂಭಾಗ, ಹೋಟೆಲ್ ಸಾಲುಗಳ ಬಳಿಗೆ ಬರುತ್ತವೆ. ಅಲ್ಲಿ ಅನ್ನ ಸಿಗುತ್ತದೆ ಎಂಬ ಸಮಾಧಾನದಲ್ಲಿ ತಂದು ಬಿಟ್ಟವರು ಹಿಂದಿರುಗುತ್ತಾರೆ. ಹೆಣ್ಣು ನಾಯಿಯ ಗರ್ಭಾವಧಿ ಸುಮಾರು 63 ದಿನ. ವರ್ಷಕ್ಕೆ ಎರಡು ಬಾರಿ ಈಯಬಲ್ಲದು. ಬದುಕುಳಿದ ಒಂದು ಹೆಣ್ಣು ಮರಿ ಮುಂದಿನ ವರ್ಷದ ಹೊತ್ತಿಗೆ ಅದೇ ಬೀದಿಯಲ್ಲಿ ಮರಿ ಹಾಕಿರುತ್ತದೆ.

ಪ್ರಾಣಿಯನ್ನು ಹೀಗೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಅಡಿ ಅಪರಾಧ. ಮೊದಲ ಅಪರಾಧಕ್ಕೆ ಆ ಕಾಯ್ದೆ ನಿಗದಿಪಡಿಸಿದ ದಂಡ ಹತ್ತರಿಂದ ಐವತ್ತು ರೂಪಾಯಿ. ಇಂದು ಅಷ್ಟು ಹಣಕ್ಕೆ ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗಿ ಬರುವ ಬಸ್ ಟಿಕೆಟ್ ಕೂಡ ಸಿಗದು.

ಎರಡನೆಯ ಗುಂಪು ರಾಷ್ಟ್ರೀಯ ಹೆದ್ದಾರಿ 75ರದ್ದು. ಬೆಂಗಳೂರಿನಿಂದ ಮಂಗಳೂರಿಗೆ ಸಾಗುವ ಈ ರಸ್ತೆ ಚನ್ನರಾಯಪಟ್ಟಣ, ಹಾಸನ, ಸಕಲೇಶಪುರಗಳನ್ನು ಹಾದುಹೋಗುತ್ತದೆ. ವಾಹನ ಬಡಿದು ಕಾಲು ಮುರಿದ ನಾಯಿಗೆ ಪಶುವೈದ್ಯರು ಪಟ್ಟಿ ಕಟ್ಟಬಹುದು. ನಂತರದ ಒಂದೂವರೆ ತಿಂಗಳು ಅದನ್ನು ಓಡದಂತೆ ಇರಿಸುವುದು ಆಸ್ಪತ್ರೆಯ ಕೆಲಸವಲ್ಲ. ಮೂರನೆಯ ಗುಂಪು ಶಸ್ತ್ರಚಿಕಿತ್ಸೆಯ ನಂತರ ಗಾಯ ಮಾಯದ ನಾಯಿಗಳದ್ದು. ನಾಲ್ಕನೆಯದು ಹಣ ಕೊಟ್ಟು ತಂದು, ವರ್ಗಾವಣೆಯೋ ಕಾಯಿಲೆಯೋ ಬೇಸರವೋ ಬಂದಾಗ ಬಿಟ್ಟುಹೋದ ಜಾತಿ ನಾಯಿಗಳದ್ದು. ಬೀದಿಯಲ್ಲಿ ಹುಟ್ಟಿದ ನಾಯಿಗೆ ಬೀದಿಯ ವಿದ್ಯೆ ಗೊತ್ತು, ಇವಕ್ಕೆ ಅದೂ ಗೊತ್ತಿರುವುದಿಲ್ಲ. ಒಲ್ಲದ ಮನಸ್ಸಿನಿಂದ ನಾಯಿಯೊಂದನ್ನು ಮನೆಗೆ ಸೇರಿಸಿಕೊಂಡ ಒಂಟಿ ಮನುಷ್ಯನ ಕಥೆಯಾದ ‘777 ಚಾರ್ಲಿ’ 2022ರಲ್ಲಿ ತೆರೆಕಂಡಾಗ ರಾಜ್ಯವೇ ಕಣ್ಣೀರು ಹಾಕಿತು. ಸರ್ಕಾರ ಚಿತ್ರಕ್ಕೆ ತೆರಿಗೆ ವಿನಾಯಿತಿಯನ್ನೂ ನೀಡಿತು. ಆ ಕಣ್ಣೀರು ಬಿಟ್ಟುಹೋದ ನಾಯಿಗಳಿಗೆ ಎಷ್ಟು ಬಾಗಿಲುಗಳನ್ನು ತೆರೆಯಿತು ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಬಡಾವಣೆಯಲ್ಲಿ ನೋಡಿಕೊಳ್ಳಬಹುದು.

ಈ ನಾಲ್ಕು ಗುಂಪುಗಳ ಸಂಖ್ಯೆ ಒಟ್ಟು ಬೀದಿ ನಾಯಿಗಳಿಗೆ ಹೋಲಿಸಿದರೆ ಚಿಕ್ಕದು. ತಾತ್ಕಾಲಿಕ ಪಾಲನೆಯ ಗುರಿ ಇಷ್ಟೇ. ಬೀದಿಯಲ್ಲಿ ಆರೋಗ್ಯವಾಗಿರುವ ವಯಸ್ಕ ನಾಯಿಗೆ ಬೇಕಾದ್ದು ಶಸ್ತ್ರಚಿಕಿತ್ಸೆ, ಲಸಿಕೆ. ಅದನ್ನು ಮನೆಯೊಳಗೆ ಕೂಡಿಹಾಕಿ ಉಪಕಾರ ಮಾಡಿದಂತಾಗದು.

ಒಂದು ಸರಳ ಲೆಕ್ಕ ಹಾಕೋಣ. ಒಂದು ಊರಿನಲ್ಲಿ 20 ಮನೆಗಳು ಒಪ್ಪಿಕೊಂಡವು, ಪ್ರತಿ ಮನೆ ಒಂದು ಬಾರಿಗೆ ಒಂದೇ ನಾಯಿಯನ್ನು ಎರಡು ತಿಂಗಳು ಇರಿಸಿಕೊಂಡಿತು ಎಂದುಕೊಳ್ಳಿ. ವರ್ಷಕ್ಕೆ 120 ನಾಯಿಗಳಾದವು. ಅವುಗಳಲ್ಲಿ ಅರ್ಧದಷ್ಟು ಹೆಣ್ಣಾದರೂ, ಪ್ರತಿಯೊಂದಕ್ಕೂ ವಯಸ್ಸಿಗೆ ಬಂದಾಗ ಶಸ್ತ್ರಚಿಕಿತ್ಸೆಯಾದರೆ, ಅರವತ್ತು ತಾಯಂದಿರ ಸಂತತಿ ಬೀದಿಗೆ ಬರುವುದು ತಪ್ಪಿತು. ಇದೇ ಕೆಲಸಕ್ಕೆ ಕಟ್ಟಡ ಕಟ್ಟಿ, ಸಿಬ್ಬಂದಿ ನೇಮಿಸಿ, ನೀರು ಚರಂಡಿ ವ್ಯವಸ್ಥೆ ಮಾಡಬೇಕಾದರೆ ಪುರಸಭೆಯೊಂದಕ್ಕೆ ಆಗುವ ವೆಚ್ಚವನ್ನು ಓದುಗರೇ ಊಹಿಸಬಹುದು.

ಮನೆಯೇ ಏಕೆ?

ವೆಚ್ಚವಷ್ಟೇ ಕಾರಣವಲ್ಲ. ನಾಯಿಮರಿ ಮನುಷ್ಯರ ಸಹವಾಸ ಕಲಿಯುವ ಕಾಲ ಬಹಳ ಚಿಕ್ಕದು. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಅದು ಕಂಡು ಕೇಳಿದ್ದು ಜೀವನಪೂರ್ತಿ ಅದರ ಸ್ವಭಾವವನ್ನು ರೂಪಿಸುತ್ತದೆ. ಕುಕ್ಕರ್ ಸೀಟಿ, ಮಿಕ್ಸಿಯ ಶಬ್ದ, ಮಕ್ಕಳ ಕಿರುಚಾಟ, ಬಾಗಿಲು ತಟ್ಟುವ ಅಪರಿಚಿತರು ಆ ವಾರಗಳಲ್ಲಿ ಪರಿಚಯವಾದರೆ ಅದು ಮನೆಯ ನಾಯಿಯಾಗುತ್ತದೆ. ಅದೇ ವಾರಗಳನ್ನು ಸರಳುಗಳ ಹಿಂದೆ ಕಳೆದ ಮರಿ ಅಂಜುಬುರುಕವಾಗುತ್ತದೆ. ಅಂಜುವ ನಾಯಿಯೇ ಹೆಚ್ಚಾಗಿ ಕಚ್ಚುವುದು. ಹೀಗಾಗಿ ಒಳ್ಳೆಯ ಪಾಲನೆ ಎಂಬುದು ನಾಯಿ ಕಡಿತದ ತಡೆಯೂ ಹೌದು.

ಇನ್ನೊಂದು ಕಾರಣ ಸೋಂಕು. ಒಂದೇ ಸೂರಿನಡಿ ಹತ್ತಾರು ಮರಿಗಳನ್ನು ಕೂಡಿದಾಗ ಪಾರ್ವೊ ಎಂಬ ವೈರಾಣು ಒಂದು ವಾರದಲ್ಲಿ ಎಲ್ಲವನ್ನೂ ಬಲಿ ತೆಗೆದುಕೊಳ್ಳಬಲ್ಲದು. ವಾಂತಿ, ರಕ್ತಭೇದಿಯಿಂದ ಕೊಲ್ಲುವ ಈ ರೋಗಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮರಿಗಳು ಬೇರೆ ಬೇರೆ ಮನೆಗಳಲ್ಲಿ ಹಂಚಿಹೋದರೆ ಸೋಂಕು ಒಂದು ಮನೆಗೇ ಸೀಮಿತವಾಗುತ್ತದೆ.

ಒಪ್ಪಿಕೊಳ್ಳುವ ಮೊದಲು

ಸದುದ್ದೇಶ ಮಾತ್ರ ಸಾಲದು. ಬೀದಿಯಿಂದ ಬಂದ ಪ್ರಾಣಿ ಏನನ್ನು ಹೊತ್ತು ತಂದಿದೆ ಎಂಬುದು ಮೊದಲ ದಿನ ತಿಳಿಯುವುದಿಲ್ಲ. ಮನೆಯ ಇತರ ನಾಯಿಗಳಿಂದ ಕನಿಷ್ಠ ಎರಡು ವಾರ ಅದನ್ನು ದೂರವಿಡಬೇಕು. ಅದರ ತಟ್ಟೆ, ಹಾಸು ಬೇರೆ ಇರಬೇಕು. ಪಾರ್ವೊದಿಂದ ಮರಿ ಸತ್ತ ಮನೆಗೆ ಲಸಿಕೆಯಾಗದ ಮತ್ತೊಂದು ಮರಿಯನ್ನು ತಿಂಗಳುಗಟ್ಟಲೆ ತರಬಾರದು, ನೆಲವನ್ನು ಬ್ಲೀಚಿಂಗ್ ದ್ರಾವಣದಿಂದ ತೊಳೆಯಬೇಕು.

ರೇಬೀಸ್ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ. ಮರಿ ನಾಯಿಗೆ ಆ ರೋಗ ಬಾರದು, ಮರಿಯ ಪರಚು ಗಾಯಕ್ಕೆ ಚುಚ್ಚುಮದ್ದು ಬೇಡ ಎಂಬುದು ಆ ಕಲ್ಪನೆ. ಇದು ಪ್ರಾಣಕ್ಕೇ ಎರವಾಗಬಲ್ಲದು. ಸೋಂಕು ತಗುಲಿದ ತಾಯಿಯೋ ಬೇರೆ ನಾಯಿಯೋ ಕಚ್ಚಿದ್ದರೆ ಮರಿಯಲ್ಲೂ ರೇಬೀಸ್ ಇರಬಹುದು. ಲಕ್ಷಣ ಕಾಣಿಸಿಕೊಳ್ಳಲು ವಾರಗಳಿಂದ ತಿಂಗಳುಗಳೇ ಬೇಕಾಗಬಹುದು. ಮರಿಯ ಹಲ್ಲು ತಾಗಿ ಚರ್ಮ ತೆರೆದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಹಚ್ಚಿ ಕಾಯುವುದು ಸಲ್ಲದು. ಪದೇ ಪದೇ ನಾಯಿಗಳನ್ನು ಮನೆಗೆ ತರುವವರು ವೈದ್ಯರ ಸಲಹೆ ಪಡೆದು ಮುಂಜಾಗ್ರತಾ ಲಸಿಕೆಯನ್ನು ಮೊದಲೇ ಹಾಕಿಸಿಕೊಳ್ಳುವುದು ಕ್ಷೇಮ.

ಆಹಾರದ ವಿಷಯದಲ್ಲೂ ಎಚ್ಚರ ಬೇಕು. ನಮ್ಮ ಸೀಮೆಯ ನಾಯಿಗಳು ತಲೆಮಾರುಗಳಿಂದ ರಾಗಿ ಮುದ್ದೆ ತಿಂದೇ ಬೆಳೆದಿವೆ. ಮುದ್ದೆಯಲ್ಲಿ ದೋಷವಿಲ್ಲ, ಅದರೊಂದಿಗೆ ಸುರಿಯುವ ಸಾರಿನಲ್ಲಿದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳಿಗೆ ಹಾನಿಕರ. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚಬಹುದು. ಕಣ್ಣು ಬಿಡದ ಮರಿಗೆ ಹಸುವಿನ ಹಾಲು ಕುಡಿಸಿದರೆ ಭೇದಿಯಾಗುವುದೇ ಹೆಚ್ಚು. ಅಂಥ ಮರಿಗಳಿಗೆಂದೇ ಹಾಲಿನ ಪುಡಿ ಸಿಗುತ್ತದೆ. ಅದನ್ನು ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ, ಕುಡಿಸಬೇಕು. ಹಗಲಿಡೀ ಮನೆಗೆ ಬೀಗ ಹಾಕುವ ಕುಟುಂಬ ಇಷ್ಟು ಎಳೆಯ ಮರಿಗಳನ್ನು ಒಪ್ಪಿಕೊಳ್ಳದಿರುವುದೇ ಲೇಸು. ಅವರಿಗೆ ಚೇತರಿಸಿಕೊಳ್ಳುತ್ತಿರುವ ವಯಸ್ಕ ನಾಯಿ ಸೂಕ್ತ.

ಊರ ಹೊರಗಿನ ತೋಟದ ಮನೆಗಳಿಗೆ ಇನ್ನೊಂದು ಮಾತು. ವಿಶಾಲ ಜಾಗವಿದೆ ಎಂಬ ಕಾರಣಕ್ಕೆ ನಾಯಿಗಳನ್ನು ಅಲ್ಲಿಗೆ ಕಳುಹಿಸುವ ರೂಢಿಯಿದೆ. ಚಿರತೆಯ ಸುಳಿವಿರುವ ಕಡೆ ರಾತ್ರಿ ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿ ಸುಲಭದ ತುತ್ತು. ತಪ್ಪಿಸಿಕೊಳ್ಳಲೂ ಆಗದಂತೆ ಕಟ್ಟಿಟ್ಟು ಅದನ್ನು ಆಶ್ರಯವೆನ್ನುವಂತಿಲ್ಲ.

ಎಡವುವ ಜಾಗಗಳು

ತಾತ್ಕಾಲಿಕ ಪಾಲನೆ ವಿಫಲವಾಗುವುದು ಹೆಚ್ಚಾಗಿ ಕೊನೆಯ ಹಂತದಲ್ಲಿ. ಎರಡು ತಿಂಗಳೆಂದು ಒಪ್ಪಿಕೊಂಡ ನಾಯಿಗೆ ಎಂಟು ತಿಂಗಳಾದರೂ ಮನೆ ಸಿಗದು. ನಾಡ ತಳಿಯ, ಕಪ್ಪು ಬಣ್ಣದ, ಹೆಣ್ಣು ನಾಯಿಯನ್ನು ಕೇಳುವವರೇ ಇರುವುದಿಲ್ಲ. ತಂದುಕೊಟ್ಟವರು ಫೋನ್ ಎತ್ತುವುದನ್ನು ನಿಲ್ಲಿಸುತ್ತಾರೆ. ನಾಯಿ ಮನೆಯಲ್ಲೇ ಉಳಿಯುತ್ತದೆ, ಮುಂದಿನ ನಾಯಿಗೆ ಬಾಗಿಲು ಮುಚ್ಚುತ್ತದೆ. ಇಲ್ಲವೇ ಕರುಣೆಯ ಭರದಲ್ಲಿ ಒಂದೇ ಮನೆ ಹತ್ತು ಹದಿನೈದು ನಾಯಿಗಳನ್ನು ತುಂಬಿಕೊಳ್ಳುತ್ತದೆ. ನಾತ, ಬೊಗಳುವಿಕೆ, ನೆರೆಯವರ ದೂರು, ಸಾಲ ಒಂದರ ಹಿಂದೊಂದು ಬರುತ್ತವೆ. ಆ ಮನೆಯ ಹೆಣ್ಣುಮಕ್ಕಳ ಮೇಲೆ ಬೀಳುವ ದುಡಿಮೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬಾಡಿಗೆ ಮನೆಯವರ ಕಷ್ಟ ಬೇರೆ. ಸಾಕು ನಾಯಿಗಳನ್ನು ವಸತಿ ಸಂಘಗಳು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಆದರೆ ಮನೆ ಬಿಡಿ ಎಂದು ಮಾಲೀಕರು ಹೇಳಿದಾಗ ಸುತ್ತೋಲೆ ಹಿಡಿದು ವಾದಿಸುವ ಬಾಡಿಗೆದಾರರು ಎಷ್ಟು ಮಂದಿ? ನೆರೆಯವರ ಆತಂಕಕ್ಕೂ ಬೆಲೆಯಿದೆ. ನಾಯಿಗೆ ಲಸಿಕೆಯಾಗಿದೆ, ಇಂಥ ದಿನದವರೆಗೆ ಮಾತ್ರ ಇರುತ್ತದೆ, ಹೊಣೆ ಇಂಥವರದ್ದು ಎಂದು ತೋರಿಸಲು ಒಂದು ಅಧಿಕೃತ ಚೀಟಿಯಿದ್ದರೆ ಅರ್ಧ ಜಗಳ ತಪ್ಪುತ್ತದೆ. ಇಂದು ಅಂಥ ಚೀಟಿ ಕೊಡುವವರಿಲ್ಲ.

ಹಾಸನಕ್ಕೆ ಇರುವ ಅನುಕೂಲ

ಇತರ ಅನೇಕ ಜಿಲ್ಲಾ ಕೇಂದ್ರಗಳಿಗೆ ಇಲ್ಲದ ಅನುಕೂಲವೊಂದು ಹಾಸನಕ್ಕಿದೆ. ಬೀದರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಪಶುವೈದ್ಯಕೀಯ ಮಹಾವಿದ್ಯಾಲಯ 2007ರಿಂದ ಇಲ್ಲಿದೆ. ಕಲಿಯುವ ವಿದ್ಯಾರ್ಥಿಗಳಿದ್ದಾರೆ, ಕಲಿಸುವ ತಜ್ಞರಿದ್ದಾರೆ. ಮನುಷ್ಯರ ಚಿಕಿತ್ಸೆಗೆ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಇದೇ ಊರಿನಲ್ಲಿದೆ. ನಾಯಿಯ ಲಸಿಕೆ ಮತ್ತು ಮನುಷ್ಯನ ಲಸಿಕೆ ಎರಡನ್ನೂ ಒಂದೇ ಯೋಜನೆಯಡಿ ಜೋಡಿಸಲು ಇದಕ್ಕಿಂತ ಅನುಕೂಲದ ಊರು ಸಿಗುವುದು ಕಷ್ಟ.

ಆಗಬೇಕಾದ್ದು ಬಹಳ ಇಲ್ಲ. ಮೊದಲನೆಯದು, ನಗರಾಡಳಿತ ಮತ್ತು ತಾಲ್ಲೂಕು ಕೇಂದ್ರಗಳ ಪುರಸಭೆ, ಪಟ್ಟಣ ಪಂಚಾಯಿತಿಗಳು ಒಪ್ಪಿಗೆಯಿರುವ ಮನೆಗಳ ಪಟ್ಟಿ ಸಿದ್ಧಪಡಿಸಬೇಕು. ಒಂದು ಮನೆಗೆ ಎಷ್ಟು ನಾಯಿ, ಎಷ್ಟು ದಿನ ಎಂಬ ಮಿತಿ ಇರಬೇಕು. ಎರಡನೆಯದು, ಆ ಮನೆಗಳ ನಾಯಿಗಳಿಗೆ ಲಸಿಕೆ, ಶಸ್ತ್ರಚಿಕಿತ್ಸೆ ಉಚಿತವಾಗಬೇಕು. ಆ ಮನೆಯವರಿಗೂ ಮುಂಜಾಗ್ರತಾ ಲಸಿಕೆ ದೊರೆಯಬೇಕು. ಮೂರನೆಯದು, ಹೊಣೆಯ ಚೀಟಿ. ನಾಯಿ ಸ್ಥಳೀಯ ಸಂಸ್ಥೆಯದ್ದು, ಪಾಲನೆ ಮಾತ್ರ ಈ ಮನೆಯದ್ದು ಎಂದು ಬರವಣಿಗೆಯಲ್ಲಿರಬೇಕು. ಅವಧಿ ಮುಗಿದರೆ ಹಿಂದಕ್ಕೆ ಪಡೆಯುವವರು ಯಾರೆಂದೂ ನಮೂದಾಗಬೇಕು. ನಾಲ್ಕನೆಯದು, ದತ್ತು ಕೊಡುವಾಗ ಹೆಣ್ಣು ಮರಿಗೆ ಶಸ್ತ್ರಚಿಕಿತ್ಸೆ ಮಾಡಿಸುವ ಷರತ್ತು ಕಡ್ಡಾಯವಾಗಬೇಕು, ವಯಸ್ಸು ತುಂಬಿದ ಮೇಲೆ ಅದು ನೆರವೇರಿತೇ ಎಂದು ವಿಚಾರಿಸುವವರಿರಬೇಕು. ಪ್ರತಿ ವರ್ಷ ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದಂದು ನಡೆಯುವ ಲಸಿಕಾ ಶಿಬಿರಗಳು ದತ್ತು ಶಿಬಿರಗಳೂ ಆಗಬಹುದು.

ಇದಕ್ಕೆ ಆಕ್ಷೇಪವೂ ಇದೆ, ಅದು ನ್ಯಾಯವಾದದ್ದೇ. ಸರ್ಕಾರ ಮಾಡಬೇಕಾದ ಕೆಲಸವನ್ನು ಮನೆಗಳ ಹೆಗಲಿಗೆ ಹೊರಿಸಿ ಸ್ಥಳೀಯ ಸಂಸ್ಥೆಗಳು ಕೈತೊಳೆದುಕೊಳ್ಳುವ ಅಪಾಯವಿದೆ. ಶಸ್ತ್ರಚಿಕಿತ್ಸಾ ಕೇಂದ್ರವೇ ಇಲ್ಲದ ಊರಿನಲ್ಲಿ ಇಪ್ಪತ್ತಲ್ಲ, ಇನ್ನೂರು ಮನೆಗಳು ಮುಂದೆ ಬಂದರೂ ಬೀದಿಯ ಸಂಖ್ಯೆ ಇಳಿಯದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ರೇಬೀಸ್ ಸರಪಳಿ ಕಡಿಯಬೇಕಾದರೆ ಶೇ 70ರಷ್ಟು ನಾಯಿಗಳಿಗೆ ಲಸಿಕೆ ತಲುಪಬೇಕು. 2030ರೊಳಗೆ ನಾಯಿಯಿಂದ ಹರಡುವ ರೇಬೀಸ್ ತೊಡೆಯುವ ಗುರಿ ಇಟ್ಟುಕೊಂಡು ಕೇಂದ್ರ ಸರ್ಕಾರ 2021ರಲ್ಲಿ ರಾಷ್ಟ್ರೀಯ ಕ್ರಿಯಾ ಯೋಜನೆ ಪ್ರಕಟಿಸಿತು. ಆ ಗುರಿ ಮುಟ್ಟಿಸುವುದು ಸ್ಥಳೀಯ ಸಂಸ್ಥೆಗಳ ಕೆಲಸ. ಆ ಕೆಲಸ ಅರ್ಧಕ್ಕೆ ನಿಲ್ಲದಂತೆ ಆಸರೆಯಾಗುವುದಷ್ಟೇ ಮನೆಗಳಿಂದ ಸಾಧ್ಯ.

ಆತಕೂರಿನ ಕಲ್ಲು

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ಮಧ್ಯಭಾಗದ ವೀರಗಲ್ಲೊಂದು ದೊರೆತಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲಂ ಯುದ್ಧದಲ್ಲಿ ಪರಾಕ್ರಮ ಮೆರೆದ ಮನಲೆರನೆಂಬ ಯೋಧ ಒಡೆಯನಿಂದ ಮೆಚ್ಚುಗೆಯಾಗಿ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಂದಿಗೆ ಹೋರಾಡಿತು. ಎರಡೂ ಸತ್ತವು. ಯೋಧ ತನ್ನ ನಾಯಿಗೆ ಕಲ್ಲು ನಿಲ್ಲಿಸಿದ, ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟ.

ಇತಿಹಾಸಕಾರರು ಈ ಶಾಸನವನ್ನು ರಾಷ್ಟ್ರಕೂಟ, ಗಂಗ, ಚೋಳರ ರಾಜಕೀಯಕ್ಕಾಗಿ ಓದುತ್ತಾರೆ. ಇಂದಿನ ಚರ್ಚೆಗೆ ಅದರಲ್ಲಿ ಬೇರೊಂದು ಸಂಗತಿಯಿದೆ. ಮನಲೆರ ನಾಯಿಯನ್ನು ಪ್ರೀತಿಸಿದ್ದಷ್ಟೇ ಅಲ್ಲ, ಅದರ ಹೆಸರಿನಲ್ಲಿ ನಡೆಯಬೇಕಾದ ಕೆಲಸಕ್ಕೆ ಖರ್ಚಿನ ದಾರಿಯನ್ನೂ ಬರೆಸಿಟ್ಟ. ಕಲ್ಲಿಗೆ ಪೂಜೆ ಸಲ್ಲಿಸುವುದು ಯಾರ ಹೊಣೆ ಎಂಬುದೂ ಅದರಲ್ಲಿದೆ.

‘ಮನೆಗೇ ಕರೆದುಕೊಂಡು ಹೋಗಿ’ ಎನ್ನುವವರಿಗೆ ಹಾಸನ ಕೊಡಬಹುದಾದ ಉತ್ತರವೂ ಇದೇ ಬಗೆಯದ್ದು. ಹೌದು, ಕೆಲವನ್ನು ಕರೆದೊಯ್ಯುತ್ತೇವೆ. ಕಾಲು ಮುರಿದದ್ದನ್ನು, ತಾಯಿಯಿಲ್ಲದ್ದನ್ನು, ಯಾರಿಗೂ ಬೇಡವಾದ ಹೆಣ್ಣು ಮರಿಯನ್ನು, ಎರಡು ತಿಂಗಳ ಮಟ್ಟಿಗೆ. ಆ ಎರಡು ತಿಂಗಳ ಲಸಿಕೆ, ಶಸ್ತ್ರಚಿಕಿತ್ಸೆಗಳ ಹೊಣೆಯನ್ನು ಊರು ಹೊರುತ್ತದೆಯೇ? ಬಸ್ ನಿಲ್ದಾಣದಿಂದ ನಾಯಿಗಳನ್ನು ತೆರವು ಮಾಡುವ ವಾಹನ ಹೊರಡುವ ಮೊದಲು ಜಿಲ್ಲಾಡಳಿತ ಉತ್ತರಿಸಬೇಕಾದ ಪ್ರಶ್ನೆ ಇದು.